ಕಣದ ಮೇಲೆ ಬಿಡಿಸಿದ ಮೈ

ಆರೋಗ್ಯ ಶಿಬಿರದ ಶಾಮಿಯಾನದ ಕೆಳಗೆ ನಾನು, ಸಿಂಧನೂರಿನಿಂದ ಬಂದ ಡಾಕ್ಟರು, ಎದೆಯ ಬಲ ನೋಡಲು ಊದಿಸುವ ಕೊಳವೆ ಮತ್ತು ಸಾಲು ಸಾಲು ಖಾಲಿ ಕುರ್ಚಿಗಳು. ಮಿಲ್ಲಿನ ಮಾಲಕರು ಮೊದಲಿಗರಾಗಿ ಬಂದು ಬಿ.ಪಿ. ನೋಡಿಸಿಕೊಂಡು ಹೋಗಿದ್ದರು. ಅವರ ಹಿಂದೆಯೇ ಆಫೀಸಿನ ಗುಮಾಸ್ತರು ಬಂದರು. ಆಮೇಲೆ ಯಾರೂ ಇಲ್ಲ. ಗೋದಾಮಿನ ಬಾಗಿಲಲ್ಲಿ ಹಮಾಲರು ಚೀಲಗಳ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಬನ್ನಿ ಅಂತ ಕೈ ಮಾಡಿದರೆ ಎದ್ದು ಒಳಗೆ ಹೋಗಿಬಿಟ್ಟರು. ಕಣದ ಹೆಣ್ಣುಮಕ್ಕಳಂತೂ ತಲೆ ಎತ್ತಲಿಲ್ಲ. ಡಾಕ್ಟರು ಚಹಾ ಕುಡಿದು, ಗಡಿಯಾರ ನೋಡಿ, "ಜನ ತಯಾರಿಲ್ಲ ಸಿಸ್ಟರ್" ಅಂದು ಕಾರು ಹತ್ತಿದರು.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಮೇಲಿನ ರೈಸ್ ಮಿಲ್ಲು ಅದು. ನಾನು ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ನರ್ಸು. ಕೆಲಸಗಾರರ ಆರೋಗ್ಯ ನೋಡಿಕೊಳ್ಳಲು ಮಿಲ್ಲಿನಲ್ಲೇ ಒಬ್ಬರು ಇರಬೇಕು ಅಂತ ಅಕ್ಕಿ ಕೊಳ್ಳುವ ಕಂಪನಿಯವರು ಪಟ್ಟು ಹಿಡಿದದ್ದರಿಂದ ಮಾಲಕರು ನನ್ನನ್ನು ಕರೆಸಿಕೊಂಡಿದ್ದರು. ಬಂದ ಹೊಸದರಲ್ಲಿ ಬಾಯಿಗೆ ಕಟ್ಟಿಕೊಳ್ಳುವ ಮಾಸ್ಕು ಹಂಚಿದೆ, ಗೋಡೆಗೆ ಚಿತ್ರ ಅಂಟಿಸಿದೆ. ಮಾಸ್ಕುಗಳೆಲ್ಲ ಕೆಲವು ದಿನಗಳಲ್ಲಿ ಬಾಯ್ಲರ್ ಕೋಣೆಯ ಮೊಳೆಗೆ ನೇತುಬಿದ್ದವು. ಚಿತ್ರದ ಮೇಲೆ ತೌಡಿನ ಧೂಳು ಕೂತಿತು.

ಶಿಬಿರ ಮಾಡಿಸಲು ಕಾರಣವಿತ್ತು. ನಮ್ಮ ಮಿಲ್ಲಿನಲ್ಲಿ ಕೇರಳದ ಕಡೆ ಹೋಗುವ ಕುಸುಬಲಕ್ಕಿ ಮಾಡುತ್ತಾರೆ. ನಮ್ಮ ಕಡೆ ಭತ್ತಕ್ಕೆ ನೆಲ್ಲು ಅನ್ನುವುದು. ನೆಲ್ಲನ್ನು ತೊಟ್ಟಿಯಲ್ಲಿ ನೆನೆಸಿ, ಬಾಯ್ಲರಿನ ಹಬೆಯಲ್ಲಿ ಬೇಯಿಸಿ, ಬಿಸಿ ಬಿಸಿ ಇರುವಾಗಲೇ ಸಿಮೆಂಟಿನ ಕಣಕ್ಕೆ ಸುರಿದು ಹರವುತ್ತಾರೆ. ಹೆಣ್ಣುಮಕ್ಕಳು ಅದರ ಮೇಲೆ ಬರಿಗಾಲಲ್ಲಿ ಸಾಲು ಎಳೆಯುತ್ತಾ, ತಿರುವುತ್ತಾ, ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ್ದನ್ನು ಚೀಲಕ್ಕೆ ತುಂಬಿ ಹಮಾಲರು ಒಳಗೆ ಒಟ್ಟುತ್ತಾರೆ. ಬೇಸಿಗೆ ಶುರುವಾಗುತ್ತಿದ್ದಂತೆ ಒಂದು ಮಧ್ಯಾಹ್ನ ಕಣದಲ್ಲಿ ಒಬ್ಬ ಹೆಣ್ಣುಮಗಳು ಸಾಲು ಎಳೆಯುತ್ತಲೇ ಕುಸಿದು ಬಿದ್ದಳು. ನಾನು ಓಡಿಹೋದಾಗ ಅವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ನೆರಳಿಗೆ ಎತ್ತಿ ತಂದು, ಒದ್ದೆ ಬಟ್ಟೆ ಸುತ್ತಿ, ಉಪ್ಪು ಸಕ್ಕರೆ ನೀರು ಕುಡಿಸಿದೆವು. ಬದುಕಿಕೊಂಡಳು. ಮರುದಿನವೇ ಮತ್ತೆ ಕಣಕ್ಕೆ ಬಂದಳು, ನನ್ನ ಕಣ್ಣು ತಪ್ಪಿಸಿ ನಿಂತಳು. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಶಿಬಿರ ಹಾಳಾದ ಸಂಜೆ ಹಮಾಲರ ಮುಕದ್ದಮನ ಹತ್ತಿರ ಹೋದೆ. ಗುಂಪಿಗೆ ಕೆಲಸ ಹಂಚುವವನು, ಅವರ ಪರವಾಗಿ ಮಾತಾಡುವವನು ಅವನೇ. ನನ್ನನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದ. ನಾವಿಬ್ಬರೂ ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ಮಿಲ್ಲಿನಲ್ಲಿ ಕನ್ನಡ.

"ಯಾಕ ಬರಲಿಲ್ಲ ಯಾರೂ?" ಅಂದೆ.

ಅವನು ಹೆಗಲ ಮೇಲಿನ ವಸ್ತ್ರ ಝಾಡಿಸಿದ. "ಆ ಕೊಳವಿಯೊಳಗ ಊದಬೇಕಂತಲ್ಲ ಆಪಾ. ಊದಿದ ಮ್ಯಾಲ ಯಾರ ಎದಿ ಕೆಟ್ಟೈತಿ ಅಂತ ಯಾರಿಗೆ ಗೊತ್ತಾಗ್ತೈತಿ?"

"ಡಾಕ್ಟರಿಗೆ, ನನಗ."

"ನಿಮ್ಮಿಂದ ಸಾಹುಕಾರ್ರಿಗೆ. ಅವರಿಂದ ಗೇಟಿಗೆ. ನಾಳೆ ಮುಂಜಾನೆ ನೀ ಬರಬ್ಯಾಡ ಅಂತಾರ. ಬಿದ್ದ ಹೆಣ್ಣುಮಗಳು ಮರುದಿನ ಯಾಕ ಬಂದಳು ಅಂತ ತಿಳಿದೀರಿ? ಜಡ್ಡಿನಾಕಿ ಅಂತ ಹೆಸರು ಬೀಳಬಾರದು ಅಂತ."

ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತೇ ತಲೆಯಲ್ಲಿತ್ತು. ನನ್ನ ಅಪ್ಪ ಹಟ್ಟಿಯ ಗಣಿಯಲ್ಲಿ ಪಾಳಿ ದುಡಿದವರು. ಕ್ವಾರ್ಟರ್ಸಿನ ಮನೆಯಲ್ಲಿ ಬೆಳೆದ ನಮಗೆಲ್ಲ ಒಂದು ಗೊತ್ತಿತ್ತು: ಗಣಿಯವರ ಆರೋಗ್ಯ ತಪಾಸಣೆಯ ಹಿಂದಿನ ದಿನ ಅಪ್ಪನ ಜೊತೆ ಮಾತಾಡಬಾರದು. ಅವರಿಗೆ ಎಂದೂ ಏನೂ ಆಗಲಿಲ್ಲ. ಆದರೂ ಆ ದಿನ ಅವರು ರೊಟ್ಟಿ ಮುರಿದು ಬಟ್ಟಲಲ್ಲಿ ಹಾಗೇ ಬಿಟ್ಟು ಏಳುತ್ತಿದ್ದರು. ಅಂಥ ಮನೆಯಿಂದ ಬಂದ ನಾನು ಶಾಮಿಯಾನ ಹಾಕಿಸಿ ಜನ ಬರಲಿ ಅಂತ ಕಾದಿದ್ದೆ.

ಮರುದಿನ ಮಾಲಕರ ಕೋಣೆಗೆ ಹೋಗಿ, ಮುಂದೆ ಯಾರನ್ನೇ ತಪಾಸಣೆ ಮಾಡಿದರೂ ಅದರ ವಿಷಯ ತೋರಿಸಿಕೊಂಡವರಿಗೆ ಮಾತ್ರ ಗೊತ್ತಾಗಬೇಕು, ಮಾಲಕರಿಗೆ ತಿಳಿಸುವುದಿಲ್ಲ ಅಂದೆ. ಅವರು ಕೈಯಲ್ಲಿದ್ದ ಅಕ್ಕಿಕಾಳನ್ನು ತಟ್ಟೆಗೆ ಹಾಕಿದರು.

"ಯಾರಿಗೆ ಜಡ್ಡು ಐತಿ ಅಂತ ನನಗ ಗೊತ್ತಾಗದಿದ್ದರ ನಿಮ್ಮನ್ನ ಇಟಗೊಂಡು ಉಪಯೋಗ ಏನ್ರೀ?"

"ಯಾವ ಜಾಗ, ಯಾವ ಕೆಲಸ ಜಡ್ಡು ತರಾಕತ್ತೈತಿ ಅಂತ ಹೇಳ್ತೀನ್ರೀ. ಯಾರಿಗೆ ಅಂತ ಹೇಳೂದಿಲ್ಲ."

"ನಾ ಒಪ್ಪದಿದ್ದರ?"

"ಒಪ್ಪದಿದ್ದರ ಇಲ್ಲಿ ನನ್ನ ಕೆಲಸ ಆಗೂದಿಲ್ರೀ. ಬ್ಯಾರೆಯವರನ್ನ ನೋಡ್ಕೋಬೇಕು ನೀವು."

ಹೇಳಿಬಿಟ್ಟೆ. ಕೆಲಸ ಬೇಕಾಗಿತ್ತು ನನಗೆ. ಅವರು "ನೋಡೂನು" ಅಂತಷ್ಟೇ ಹೇಳಿ ಕಳಿಸಿದರು. ಆದರೆ ಆ ವಾರವೇ ಅವರು ತಾವಾಗಿ ಗೋದಾಮಿನ ಬಾಗಿಲಿಗೆ ಬಂದು, ಎಲ್ಲರ ಎದುರು, "ಸಿಸ್ಟರ್ ಮುಂದ ನೀವು ಏನ ಹೇಳಿದರೂ ಅದು ಅವರ ಹತ್ರನ ಇರ್ತೈತಿ. ಜಡ್ಡು ಅಂತ ಯಾರನ್ನೂ ಕೆಲಸ ಬಿಡಸೂದಿಲ್ಲ" ಅಂದು ಹೋದರು. ಮುಖ ಗಂಟಾಗಿತ್ತು. ಅಂದದ್ದಂತೂ ಅಂದರು.

ಇನ್ನೊಂದು ಶಿಬಿರ ಬೇಡ ಅನ್ನಿಸಿತು. ಎಲ್ಲಿ ನೋಯುತ್ತದೆ ಅಂತ ಅವರೇ ತೋರಿಸಲಿ. ಕಣ ಖಾಲಿಯಾದ ಒಂದು ಸಂಜೆ ಹೆಣ್ಣುಮಕ್ಕಳನ್ನು ಕೂಡಿಸಿ, ಒಬ್ಬಳನ್ನು ಕಣದ ಮೇಲೆ ಅಂಗಾತ ಮಲಗಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ ಅಂದೆ. ಮಲಗುವವರು ಯಾರು ಅಂತ ಬಹಳ ನಗೆಯಾಯಿತು. ಕಡೆಗೆ ಮುಕ್ಕುಂದದಿಂದ ಬರುವ, ಎಲ್ಲರಿಗಿಂತ ಹಿರಿಯ ಹೆಣ್ಣುಮಗಳು ಸೆರಗು ಬಿಗಿದು, "ನನ್ನ ಎಳೀರಿ, ನನಗೇನು ನಾಚಿಕಿ" ಅಂತ ಮಲಗಿಯೇ ಬಿಟ್ಟಳು. ಅವಳು ಎದ್ದ ಮೇಲೆ ಕಣದ ಮೇಲೆ ಒಂದು ಮೈ ಉಳಿಯಿತು. ಪಕ್ಕದಲ್ಲಿ ಹೊಟ್ಟಿನ ಬುಟ್ಟಿ ಇಟ್ಟೆ. ಯಾರಿಗೆ ಎಲ್ಲಿ ನೋವೋ ಅಲ್ಲಿ ಒಂದು ಹಿಡಿ ಹೊಟ್ಟು ಹಾಕಬೇಕು, ಮಾತಾಡಬೇಕಿಲ್ಲ.

ನಾನು ಅಂಗಾಲು, ಸೊಂಟ, ಎದೆ ಅಂದುಕೊಂಡಿದ್ದೆ. ಅಂಗಾಲಿಗೆ ಬಿತ್ತು, ಸೊಂಟಕ್ಕೂ ಬಿತ್ತು. ಆದರೆ ಒಬ್ಬಳಾದ ಮೇಲೆ ಒಬ್ಬಳು ಬಂದು ಕಿಬ್ಬೊಟ್ಟೆಯ ಮೇಲೆ ಹಿಡಿ ಹಿಡಿ ಹಾಕಿ ಹೋದಳು. ಅಲ್ಲಿ ದೊಡ್ಡ ಗುಡ್ಡೆಯೇ ಆಯಿತು. ನಗೆ ನಿಂತುಹೋಯಿತು.

"ಉರಿ ಮೂತ್ರ ಏನು?" ಅಂತ ಮೆಲ್ಲಗೆ ಕೇಳಿದೆ.

ಹಿರಿಯಾಕೆ ಹೇಳಿದಳು: "ನಾವು ನೀರು ಕುಡಿಯೂದಿಲ್ರೀ ಸಿಸ್ಟರ್. ಕುಡಿದರ ಹೋಗಬೇಕಾಗ್ತೈತಿ. ಎಲ್ಲಿಗೆ ಹೋಗೂನು?"

ಪಾಯಖಾನೆ ಇತ್ತು. ತೂಕದ ಕಾಟಾದ ಆಚೆ. ಲಾರಿ ಡ್ರೈವರುಗಳು ದಿನವಿಡೀ ಕೂತು ಇಸ್ಪೀಟು ಆಡುವ ಜಾಗ ದಾಟಿ ಹೋಗಬೇಕು, ಬಾಗಿಲಿಗೆ ಚಿಲಕವಿಲ್ಲ. ಹಾಗಾಗಿ ಮನೆ ಬಿಟ್ಟ ಮೇಲೆ ಮನೆ ಸೇರುವವರೆಗೆ ಅವರು ನೀರು ಮುಟ್ಟುತ್ತಿರಲಿಲ್ಲ, ಆ ಬಿಸಿಲಿನಲ್ಲಿ. ಅಂದು ಬಿದ್ದವಳೂ ಅಲ್ಲೇ ಕೂತಿದ್ದಳು. "ನಾನೂ ಅದಕ್ಕ ಬಿದ್ದೆ" ಅಂದಳು, ಮೊದಲ ಸಲ ನನ್ನ ಮುಖ ನೋಡಿ. ನಾನು ಒಂದು ದಿನವೂ ಆ ಪಾಯಖಾನೆಗೆ ಹೋಗಿರಲಿಲ್ಲ. ನನಗೆ ಆಫೀಸಿನದು ಇತ್ತು.

ಗೋದಾಮಿನಲ್ಲಿ ಹಮಾಲರೂ ಅದನ್ನೇ ಮಾಡಿದರು. ಅವರದು ಕುತ್ತಿಗೆ ಮತ್ತು ಮೊಣಕಾಲು. ಎದೆಯ ಜಾಗ ಬಹಳ ಹೊತ್ತು ಖಾಲಿ ಇತ್ತು. ಆಮೇಲೆ ಮುಕದ್ದಮನೇ ಎದ್ದು ಒಂದು ಹಿಡಿ ಹೊಟ್ಟು ಅಲ್ಲಿ ಹಾಕಿ ಕೂತ. ಅವನ ಹಿಂದೆ ಮತ್ತೆ ಕೆಲವರು ಎದ್ದರು.

ಇದಾದ ಮೇಲೆ ಕಣದಿಂದ, ಗೋದಾಮಿನಿಂದ, ಬಾಯ್ಲರಿನಿಂದ ಅವರವರೇ ಆರಿಸಿದ ಒಬ್ಬಿಬ್ಬರು ವಾರಕ್ಕೊಮ್ಮೆ ಬೇವಿನ ಗಿಡದ ಕೆಳಗೆ ಕೂಡುವುದು ಅಂತಾಯಿತು. ಮೊದಲ ಕೆಲಸ ಪಾಯಖಾನೆ. ಮಾಲಕರು ಬೇಗ ಒಪ್ಪಿದರು, ನೀರಿನ ಪೈಪು ಇರುವ ಗೇಟಿನ ಹತ್ತಿರ ಕಟ್ಟಿಸೋಣ ಅಂದರು. ಹೆಣ್ಣುಮಕ್ಕಳು ಒಪ್ಪಲಿಲ್ಲ. ಕಣದ ಹಿಂದಿನ ಗೋಡೆಗೆ ಹೊಂದಿ, ಬಾಗಿಲು ಗೋಡೆಯ ಕಡೆ ತೆರೆಯುವಂತೆ ಇರಬೇಕು, ಹೋಗುವವರು ಯಾರ ಕಣ್ಣಿಗೂ ಬೀಳಬಾರದು. ಪೈಪು ಅಲ್ಲಿತನಕ ಎಳೆಯಬೇಕಾಯಿತು. ಎಳೆದರು. ಅದು ಮುಗಿದ ದಿನದಿಂದ ಕಣದ ಮೂಲೆಯ ನೀರಿನ ಕೊಡಗಳು ಮಧ್ಯಾಹ್ನದೊಳಗೆ ಖಾಲಿಯಾಗತೊಡಗಿದವು. ಅದನ್ನು ನೋಡುವುದೇ ಒಂದು ಖುಷಿಯಾಗಿತ್ತು ನನಗೆ.

ಕಷ್ಟ ಬಂದದ್ದು ಮುಂದಿನದಕ್ಕೆ. ಸುಡುಬಿಸಿಲಿನ ನಡುಹೊತ್ತು ಕಣ ಬಿಟ್ಟು ನೆರಳಿನಲ್ಲಿ ಕೂಡಬೇಕು, ಅದರ ಬದಲು ಮುಂಜಾನೆ ಬೇಗ ಬರುತ್ತೇವೆ ಅಂತ ಹೆಣ್ಣುಮಕ್ಕಳು ಕೇಳಿದರು. ತಕರಾರು ಮಾಲಕರಿಂದ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಮುಕದ್ದಮನಿಂದ.

"ನಿಮ್ಮ ನೆರಳಿಗೆ ನಾವು ಕತ್ತಲದಾಗ ಮನಿಗೆ ಹೋಗಬೇಕನು? ನೆಲ್ಲು ಒಣಗೂದು ತಡ ಆದರ ಚೀಲ ತುಂಬೂದು ತಡ. ನಮ್ಮ ಮೊಣಕಾಲು ಯಾರು ನೋಡೋರು?"

"ನಿಮ್ಮ ಮೊಣಕಾಲಿಗೆ ನಾವು ಸುಡಬೇಕನು?" ಅಂದಳು ಹಿರಿಯಾಕೆ.

ಇಬ್ಬರ ಮಾತೂ ಸರಿಯಿತ್ತು. ಕೆಲಸಗಾರರನ್ನು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂತ ನಾನು ಹೇಗೆ ಭಾವಿಸಿದ್ದೆನೋ. ಎರಡು ಸಭೆ ಬರೀ ಜಗಳದಲ್ಲಿ ಹೋದವು. ಕಡೆಗೆ ಒಂದು ಸಲ ಮಾಡಿ ನೋಡೋಣ ಅಂತ ಹೊರಟೆವು. ಮುಂಜಾನೆ ಬೇಗ ಹರವಿ, ನಡುಹೊತ್ತಿಗೆ ಕಣ ಹಾಗೇ ಬಿಟ್ಟು ಎಲ್ಲರೂ ನೆರಳಿಗೆ ಬಂದರು. ಹೊತ್ತು ಇಳಿದ ಮೇಲೆ ಹೋಗಿ ನೋಡಿದರೆ ತಿರುವದೆ ಬಿಟ್ಟ ನೆಲ್ಲು ಮೇಲೆಲ್ಲ ಚಟಚಟ ಒಣಗಿ, ಕೆಳಗೆ ಹಸಿ ಉಳಿದಿತ್ತು. ಮಿಲ್ಲಿಗೆ ಹಾಕಿದಾಗ ಕಾಳು ಮುರಿದು ನುಚ್ಚು ಸುರಿಯಿತು. ಮಾಲಕರು ನುಚ್ಚನ್ನು ಬೊಗಸೆಯಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು.

"ಇದು ಆರೋಗ್ಯನ್ರೀ?" ಅಂದರು. ದನಿ ಏರಿಸಲಿಲ್ಲ. "ಪಾಯಖಾನಿ ಕೇಳಿದ್ರಿ, ಕಟ್ಟಿಸಿದೆ. ಇದು ಬ್ಯಾಡ. ಮೊದಲಿನ ಹಂಗ ನಡೀಲಿ."

ಆ ವಾರ ಬೇವಿನ ಗಿಡದ ಕೆಳಗೆ ಯಾರೂ ಬರುವುದಿಲ್ಲ ಅಂದುಕೊಂಡೆ. ಎಲ್ಲರೂ ಬಂದರು. ಹಮಾಲರು ಒಂದು ಕಡೆ, ಹೆಣ್ಣುಮಕ್ಕಳು ಒಂದು ಕಡೆ, ನಡುವೆ ಜಾಗ ಬಿಟ್ಟು. ಒಬ್ಬರ ಮೇಲೊಬ್ಬರು ಹಾಕುವುದು ಮುಗಿದ ಮೇಲೆ, ಅಲ್ಲಿಯವರೆಗೆ ಬಾಯಿ ಬಿಡದ ಬಾಯ್ಲರ್ ಮಿಸ್ತ್ರಿ ಮಾತಾಡಿದ. ನಿರಾಶ್ರಿತರಿಗಾಗಿ ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಮನುಷ್ಯ, ಇಲ್ಲೇ ಹುಟ್ಟಿ ಬೆಳೆದವನು, ಕನ್ನಡವನ್ನು ನಮ್ಮಂತೆಯೇ ಆಡುತ್ತಾನೆ.

"ಹರವಿ ಬಿಟ್ಟು ಬಂದದ್ದಕ್ಕ ಕೆಟ್ಟಿತು. ಗುಡ್ಡಿ ಹಾಕಿ ಮುಚ್ಚಿ ಬಂದಿದ್ದರ ಹೆಂಗ ಆಗ್ತಿತ್ತು? ನಮ್ಮ ಮನಿಯಾಗ ಉಣ್ಣಾಕ ನೆಲ್ಲು ಬೇಯಿಸಿದಾಗ ಅವ್ವ ನಡುವ ಒಂದು ಸಲ ಗುಡ್ಡಿ ಮಾಡ್ತಿದ್ದಳು. ಯಾಕ ಅಂತ ನನಗ ಗೊತ್ತಿಲ್ಲ. ಅದು ಒಂದು ಬುಟ್ಟಿ, ಇದು ಇಡೀ ಕಣ."

"ಬಿಸಿ ನೆಲ್ಲು ಗುಡ್ಡಿ ಹಾಕಿದರ ಕಮಟು ವಾಸನಿ ಹಿಡೀತೈತಿ" ಅಂದಳು ಹಿರಿಯಾಕೆ.

"ಪೂರಾ ಹಸಿ ಇದ್ದಾಗ ಹಾಕಿದರ ಹಿಡೀತೈತಿ. ಅರ್ಧ ಒಣಗಿದ ಮ್ಯಾಲ?"

ಯಾರಿಗೂ ಗೊತ್ತಿರಲಿಲ್ಲ. ನಾನು ಅಂದು ರಾತ್ರಿ ಮನೆಯಲ್ಲಿ ಫೋನಿನಲ್ಲಿ ಹುಡುಕಿ ಓದಿದೆ. ಹೀಗೆ ನಡುವೆ ಗುಡ್ಡೆ ಹಾಕಿ ಎರಡು ಹಂತದಲ್ಲಿ ಒಣಗಿಸುವ ಪದ್ಧತಿ ಇದೆ ಅಂತ ಸಿಕ್ಕಿತು. ಎಷ್ಟು ಒಣಗಿದಾಗ ಹಾಕಬೇಕು ಅನ್ನುವುದು ನಮ್ಮ ಕಣಕ್ಕೆ, ನಮ್ಮ ಬಿಸಿಲಿಗೆ ನಾವೇ ನೋಡಬೇಕಿತ್ತು. ಬೆಳಿಗ್ಗೆ ಮಾಲಕರ ಹತ್ತಿರ ನಾನೊಬ್ಬಳೇ ಹೋಗಲಿಲ್ಲ. ಹಿರಿಯಾಕೆ, ಮುಕದ್ದಮ, ಮಿಸ್ತ್ರಿ ಮೂವರನ್ನೂ ಕರೆದುಕೊಂಡು ಹೋದೆ, ಮಾತು ಅವರಿಗೇ ಬಿಟ್ಟೆ. ಮುಕದ್ದಮ ಬಂದದ್ದೇ ನನಗೆ ಆಶ್ಚರ್ಯ. ದಾರಿಯಲ್ಲಿ ಕೇಳಿದೆ. "ಕುಸಿದು ಬಿದ್ದಾಗ ಆಕಿನ್ನ ಎತ್ತಿಕೊಂಡು ನೆರಳಿಗೆ ತಂದವ ನಾನ ಅಲ್ಲೇನು ಆಪಾ" ಅಂದ, ಅಷ್ಟೇ.

ಮಾಲಕರು ಕಿಟಕಿಯಿಂದ ಕಣ ನೋಡಿದರು. "ಒಂದು ಮೂಲಿ ತಗೋರಿ. ಅದು ಕೆಟ್ಟರ ಈ ಮಾತು ಮತ್ತ ನನ್ನ ಹತ್ರ ಬರಬಾರದು" ಅಂದರು.

ಆ ಮೂಲೆಯ ನೆಲ್ಲನ್ನು ಹೆಣ್ಣುಮಕ್ಕಳು ಮಗುವಿನಂತೆ ನೋಡಿಕೊಂಡರು. ಮುಂಜಾನೆ ತೆಳ್ಳಗೆ ಹರವಿ, ಬಿಡದೆ ತಿರುವಿದರು. ಬಿಸಿಲು ಏರುತ್ತಿದ್ದಂತೆ ಹಿರಿಯಾಕೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು, ಮಿಸ್ತ್ರಿ ತೇವ ಅಳೆಯುವ ಯಂತ್ರ ತಂದು ಹಿಡಿಯುತ್ತಿದ್ದ, ಇಬ್ಬರೂ ಒಪ್ಪಿದ ಮೇಲೆಯೇ ಗುಡ್ಡೆ ಹಾಕುವುದು ಅಂತ ಮಾತು. ಅವರಿಬ್ಬರೂ ಒಪ್ಪಲು ಬಹಳ ಹೊತ್ತು ಹಿಡಿಯಿತು. ಕಡೆಗೆ ಹಿರಿಯಾಕೆ ತಲೆ ಆಡಿಸಿದಳು. ಆದರೆ ಗುಡ್ಡೆ ಎಳೆಯುವುದು ಭಾರದ ಕೆಲಸ. ಹಲಗೆಗೆ ಹಗ್ಗ ಕಟ್ಟಿ ಇಬ್ಬರು ಜಗ್ಗಬೇಕು. ಹೆಣ್ಣುಮಕ್ಕಳು ಹಗ್ಗ ಹಿಡಿಯುವಷ್ಟರಲ್ಲಿ ಮುಕದ್ದಮ ತನ್ನವರಿಗೆ ಕೂಗಿದ: "ಬರ್ರಲೇ, ಸುಮ್ಮ ಕುಂತೀರಿ." ಹಮಾಲರು ಬಂದು ಜಗ್ಗಿದರು. ಮೇಲೆ ಗೋಣಿತಟ್ಟು ಹೊದಿಸಿ ಎಲ್ಲರೂ ಶೆಡ್ಡಿನ ನೆರಳಿಗೆ ಹೋದೆವು. ಬುತ್ತಿ ಬಿಚ್ಚಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಹೋಗಿ ತಟ್ಟಿನ ಅಂಚು ಎತ್ತಿ ಮೂಸಿ ಬರುತ್ತಿದ್ದರು.

ಹೊತ್ತು ಇಳಿದ ಮೇಲೆ ಗುಡ್ಡೆ ಬಿಚ್ಚಿ ಮತ್ತೆ ಹರವಿದರು. ಉಳಿದದ್ದು ಬೇಗ ಒಣಗಿತು. ಮರುದಿನ ಆ ನೆಲ್ಲನ್ನಷ್ಟೇ ಬೇರೆ ಮಾಡಿ ಮಿಲ್ಲಿಗೆ ಹಾಕಿದರು. ಮಾಲಕರು ಅಕ್ಕಿ ಬೀಳುವ ಯಂತ್ರದ ಬಾಯಿಯ ಹತ್ತಿರವೇ ನಿಂತಿದ್ದರು. ಅಕ್ಕಿ ಬೀಳತೊಡಗಿದಾಗ ಅಂಗೈಯಲ್ಲಿ ಹಿಡಿದು, ಬೆಳಕಿಗೆ ತಂದು, ಬೆರಳಿನಿಂದ ಸರಿಸಿ ನೋಡಿದರು. ಮತ್ತೆ ಹಿಡಿದರು. ಯಂತ್ರದ ಗದ್ದಲದಲ್ಲಿ ಅವರು ಏನೋ ಅಂದದ್ದು ಕೇಳಿಸಲಿಲ್ಲ. ಹೊರಗೆ ಬಂದು, "ನುಚ್ಚು ಕಡಿಮಿ ಐತಲ್ರೀ" ಅಂದರು, ತಪ್ಪು ಯಾರದೋ ಅನ್ನುವಂತೆ. "ನಾವು ಮೊದಲು ಮಾಡ್ತಿದ್ದಕ್ಕಿಂತ ಕಡಿಮಿ."

ಒಳಗಿನ ತೇವ ಹೊರಗೆ ಬರಲು ಕಾಳಿಗೆ ಸ್ವಲ್ಪ ಹೊತ್ತು ಬೇಕು, ಒಂದೇ ಸಮನೆ ಸುಟ್ಟರೆ ಹೊರಮೈ ಬಿಗಿದು ಬಿರುಕು ಬಿಡುತ್ತದೆ ಅಂತ ನಾನು ಓದಿದ್ದನ್ನು ಹೇಳಿದೆ. ಹಿರಿಯಾಕೆ ಕೇಳಿಸಿಕೊಂಡು, "ನೆರಳು ನಮಗಂತ ಕೇಳಿದ್ವಿ. ನೆಲ್ಲಿಗೂ ಬೇಕಾಗಿತ್ತು ನೋಡ್ರಿ" ಅಂದಳು. ಮಾಲಕರಿಗೂ ನಗು ಬಂತು.

ಇಡೀ ಕಣಕ್ಕೆ ಅದನ್ನು ಹಬ್ಬಿಸಲು ಮತ್ತೆ ಚೌಕಾಸಿ ನಡೆಯಿತು. ಗುಡ್ಡೆ ಎಳೆಯಲು ಹಮಾಲರು ಬರುವುದು, ಸಂಜೆ ಚೀಲದ ಬಾಯಿ ಹೊಲಿಯುವುದನ್ನು ಹೆಣ್ಣುಮಕ್ಕಳು ವಹಿಸಿಕೊಳ್ಳುವುದು ಅಂತ ತೀರ್ಮಾನವಾಯಿತು, ಆಗ ಹಮಾಲರು ತಡವಾಗದೆ ಮನೆ ಮುಟ್ಟುತ್ತಾರೆ. ಚೀಲಗಳ ಅಟ್ಟಿ ಎದೆಮಟ್ಟ ದಾಟಿದರೆ ಮೆಟ್ಟಿಲ ಹಲಗೆ ಇಡಲೇಬೇಕು ಅಂತ ಮುಕದ್ದಮ ಈ ಚೌಕಾಸಿಯ ನಡುವೆಯೇ ತನ್ನದೊಂದು ಸೇರಿಸಿದ. ಮಾಲಕರು ಅದಕ್ಕೂ ಹೂಂ ಅಂದರು. ಧೂಳು ಕಾರುವ ಪೈಪಿನ ಬಾಯಿ ಗೋದಾಮಿನ ಕಡೆ ಇದ್ದದ್ದನ್ನು ಹೊಲದ ಕಡೆ ತಿರುಗಿಸಿದರು. ಧೂಳು ಅರ್ಧ ಕಡಿಮೆಯಾಯಿತು. ಇನ್ನರ್ಧ ಇನ್ನೂ ಇದೆ. ಚೀಲದ ತೂಕ ಇಳಿದಿಲ್ಲ. ಅದರ ಮಾತು ಎತ್ತಿದಾಗಲೆಲ್ಲ ಮಾಲಕರು ಮಾರುಕಟ್ಟೆಯ ಕಡೆ ಬೆರಳು ತೋರಿಸುತ್ತಾರೆ, ನಾವೂ ಬಿಟ್ಟಿಲ್ಲ.

ಮಳೆಗಾಲದ ಹೊತ್ತಿಗೆ ಜನ ತಾವಾಗಿಯೇ ನನ್ನ ಕೋಣೆಗೆ ಬಂದು ಕೊಳವೆಯಲ್ಲಿ ಊದತೊಡಗಿದರು, ಒಬ್ಬೊಬ್ಬರಾಗಿ, ಬಾಗಿಲು ಹಾಕಿಕೊಂಡು. ಒಬ್ಬ ಹಮಾಲನ ಎದೆ ಚೆನ್ನಾಗಿರಲಿಲ್ಲ. ಅವನಿಗೆ ಹೇಳಿದೆ, ಸಿಂಧನೂರಿನ ಡಾಕ್ಟರಿಗೆ ತೋರಿಸಿದೆವು. ಕೆಲವು ದಿನ ಯೋಚಿಸಿ ಅವನೇ ಮುಕದ್ದಮನಿಗೆ ಹೇಳಿ ಧೂಳಿಲ್ಲದ ಕಡೆ, ಕಾಟಾದ ಕೆಲಸಕ್ಕೆ ಹೋದ. ಮಾಲಕರು ನನ್ನನ್ನು ಏನೂ ಕೇಳಲಿಲ್ಲ. ಆ ಕೇಳದಿರುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಅಂತ ಅವರ ಮುಖದಲ್ಲಿ ಕಾಣುತ್ತಿತ್ತು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಸುಗ್ಗಿ ಮುಂದಿರುವಾಗ ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿ ಲಿಂಗಸುಗೂರಿನಲ್ಲಿ ಉಳಿದೆ. ತಿರುಗಿ ಕೆಲಸಕ್ಕೆ ಹೊರಟ ದಿನ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಅಂದು ಸಭೆಯ ದಿನ. ನಾನಿಲ್ಲದೆ ಯಾರು ಕೂಡಿಸುತ್ತಾರೆ, ಮುಂದಕ್ಕೆ ಹಾಕಿರುತ್ತಾರೆ ಅಂದುಕೊಂಡು ಗೇಟು ದಾಟಿ ಬಂದರೆ ಬೇವಿನ ಗಿಡದ ಕೆಳಗೆ ಜನ ಕೂತಿದ್ದರು. ಈಗ ನಡುವೆ ಜಾಗ ಬಿಟ್ಟಿರಲಿಲ್ಲ. ಸುಗ್ಗಿಯಲ್ಲಿ ಲಾರಿಗಳು ಕಣದ ಪಕ್ಕದಲ್ಲೇ ಹಿಮ್ಮುಖ ಬರುತ್ತವೆ, ಸಾಲು ಎಳೆಯುವವರಿಗೆ ಬೆನ್ನ ಹಿಂದೆ ಕಾಣುವುದಿಲ್ಲ, ಅವನ್ನು ಆಚೆ ಗೇಟಿನಿಂದ ತರಿಸಬೇಕು ಅನ್ನುವುದು ಮಾತು. ಇಷ್ಟು ದಿನ ಆ ಕಣದ ಪಕ್ಕ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ.

ನನ್ನನ್ನು ನೋಡಿ ಯಾರೂ ಏಳಲಿಲ್ಲ, ಮಾತೂ ನಿಲ್ಲಲಿಲ್ಲ. ಮುಕದ್ದಮ ಕೈಯಿಂದ ಕುಂದರ್ರಿ ಅಂತ ಸನ್ನೆ ಮಾಡಿದ. "ಆಚಿ ಗೇಟಿನ ದಾರಿ ಸಣ್ಣದೈತಿ, ಗೋಡಿ ಒಂದು ಮೊಳ ಒಡಿಬೇಕಾಗ್ತೈತಿ" ಅನ್ನುತ್ತಿದ್ದ ಹಿರಿಯಾಕೆ, ಹಾಗೆ ಹೇಳುತ್ತಲೇ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿದಳು. ನಾನು ಚಪ್ಪಲಿ ಬಿಟ್ಟು ಕೂತು, ಗೋಡೆ ಎಲ್ಲಿ ಒಡೆಯಬೇಕು ಅಂತ ಅವರು ವಾದ ಮಾಡುವುದನ್ನು ಕೇಳತೊಡಗಿದೆ.